ಸಮುದ್ರದಲ್ಲಿ ಮೀನು ಸಾಕುವುದು ನಮ್ಮ ದೇಶದಲ್ಲಿ ನಿಜಕ್ಕೂ ಬೆಳೆಯುತ್ತಿದೆಯಾ? ದುಡ್ಡು ಹಾಕುವ ಮೊದಲು ಕೇಳುತ್ತಿದ್ದೇನೆ

ಕುಮಟಾ_ಹುಡುಗ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ. ನನ್ನ ಊರು ಕುಮಟಾ ಹತ್ತಿರ, ಹೊಟ್ಟೆಪಾಡು ಬೆಂಗಳೂರಿನಲ್ಲಿ, ಕಂಪ್ಯೂಟರ್ ಮುಂದೆ. ಊರಲ್ಲಿರುವ ಚಿಕ್ಕಪ್ಪನ ಮಗ ಒಂದು ತಿಂಗಳಿಂದ ನನ್ನ ತಲೆ ತಿನ್ನುತ್ತಿದ್ದಾನೆ. ಸಮುದ್ರದಲ್ಲಿ ಪಂಜರ ಹಾಕಿ ಮೀನು ಸಾಕೋಣ, ಹತ್ತು ಪಂಜರ, ಅರ್ಧಕ್ಕರ್ಧ ಸಬ್ಸಿಡಿ, ನಿನ್ನ ಪಾಲಿಗೆ 8 ಲಕ್ಷ ಹಾಕು, ಎರಡೇ ವರ್ಷದಲ್ಲಿ ಡಬಲ್ ಮಾಡಿ ಕೊಡುತ್ತೇನೆ ಅನ್ನುತ್ತಾನೆ.

ಅವನು ಕಳಿಸುವ ವಿಡಿಯೋ ನೋಡಿದರೆ ನೀಲಿ ನೀರು, ಉರುಟು ಪಂಜರ, ಎರಡು ಕೈಯಲ್ಲಿ ಎತ್ತಿ ಹಿಡಿದ ಕೋಬಿಯಾ ಎಂಬ ದೊಡ್ಡ ಮೀನು, ಮೇಲಿಂದ ಡ್ರೋನ್. ಪೇಪರ್ ಕಟಿಂಗ್ ಕೂಡ ಕಳಿಸುತ್ತಾನೆ. ದೇಶದ ಮೀನು ಉತ್ಪಾದನೆ ಹತ್ತು ವರ್ಷದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು, ಮೀನು ಸಾಕಣೆಯಲ್ಲಿ ಭಾರತ ಜಗತ್ತಿಗೇ ಎರಡನೆಯದು, ಹೀಗೆ. ಹುಡುಕಿ ನೋಡಿದೆ, ಅದೆಲ್ಲ ಸುಳ್ಳಲ್ಲ. ಆದರೆ ನನಗೆ ಹೊಳೆಯದೇ ಇರುವುದು ಏನೆಂದರೆ, ಇಷ್ಟೆಲ್ಲ ಬೆಳೆದಿದ್ದರೆ ಆ ಪಂಜರದ ಮೀನು ಹೋಗುತ್ತಿರುವುದು ಎಲ್ಲಿಗೆ? ಊರಿಗೆ ಹೋದಾಗ ಮೀನು ಪೇಟೆಯಲ್ಲಿ ಬಂಗುಡೆ ಇದೆ, ತಾರ್ಲೆ ಇದೆ, ಅದೃಷ್ಟ ಇದ್ದರೆ ಇಸ್ವಾಣ ಇದೆ. ಇದು ಸಮುದ್ರದಲ್ಲಿ ಸಾಕಿದ್ದು ಎಂದು ಹೇಳಿ ಮಾರಿದವರನ್ನು ನಾನು ಇವತ್ತಿನವರೆಗೆ ಕಂಡಿಲ್ಲ.

ಇದರಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ. ಮುಂದಿನ ಹತ್ತು ವರ್ಷದಲ್ಲಿ ಇದು ಎಲ್ಲಿಗೆ ಹೋಗುತ್ತದೆ? ತಮ್ಮನಿಗೆ ಬೇಡ ಅನ್ನಲು ಮನಸ್ಸಿಲ್ಲ, ಹೂಂ ಅನ್ನಲು ಧೈರ್ಯ ಇಲ್ಲ.

ಫಿಶರೀಸ್_ಕಾಲೇಜು:

ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿ, ಆಂಧ್ರದ ಸಿಗಡಿ ಹೊಂಡಗಳಲ್ಲಿ ಒಂಬತ್ತು ವರ್ಷ ಕಳೆದವನು ನಾನು. ನಿಮ್ಮ ತಮ್ಮ ಕಳಿಸಿದ ಲೆಕ್ಕ ಸರಿಯೇ ಇದೆ. ಆ ಲೆಕ್ಕದೊಳಗೆ ಸಮುದ್ರದ ಪಂಜರ ಎಲ್ಲಿದೆ ಎಂದು ಹುಡುಕಲು ಮಾತ್ರ ಭೂತಗನ್ನಡಿ ಬೇಕು.

2013-14ರಲ್ಲಿ ದೇಶದ ಒಟ್ಟು ಮೀನು ಸುಮಾರು 96 ಲಕ್ಷ ಟನ್. 2022-23ರಲ್ಲಿ 175 ಲಕ್ಷ ಟನ್. ಈ 175ರಲ್ಲಿ 131 ಲಕ್ಷ ಟನ್ ಒಳನಾಡಿನದ್ದು. ಅಂದರೆ ಕೆರೆ, ಹೊಂಡ, ಜಲಾಶಯ, ಹೊಳೆ. ಕಾಟ್ಲಾ, ರೋಹು, ಅದರ ಜೊತೆಗೆ ಸಿಗಡಿ. ಉಳಿದ 44 ಲಕ್ಷ ಟನ್ ಸಮುದ್ರದ್ದು, ಅದೂ ಹೆಚ್ಚುಕಡಿಮೆ ಎಲ್ಲ ಬೋಟಿನವರು ಹಿಡಿದು ತಂದದ್ದೇ. ಸಮುದ್ರದಲ್ಲಿ ಸಾಕಿದ್ದು, ಅಂದರೆ ಪಂಜರದ ಮೀನು, ಪಚ್ಚಿಲೆ (ಹಸಿರು ಚಿಪ್ಪು ಮೀನು), ಕಡಲ ಪಾಚಿ ಎಲ್ಲ ಸೇರಿಸಿ ಉದಾರವಾಗಿ ಲೆಕ್ಕ ಹಾಕಿದರೂ ಒಟ್ಟಿನ ನೂರಕ್ಕೆ ಒಂದರ ಆಸುಪಾಸು. ಎರಡನೇ ಸ್ಥಾನ ಸಿಕ್ಕಿದ್ದು ಆಂಧ್ರದ ಹೊಂಡಗಳಿಂದ, ಬಂಗಾಳದ ಕೆರೆಗಳಿಂದ. ಅಲೆಯ ಮೇಲೆ ತೇಲುವ ಪಂಜರದಿಂದಲ್ಲ.

ಇನ್ನೊಂದು ಗೊಂದಲ ಸಿಗಡಿಯದ್ದು. ಅದಕ್ಕೂ ಉಪ್ಪುನೀರು ಬೇಕು, ಅದು ಕರಾವಳಿಯಲ್ಲೇ ಬೆಳೆಯುತ್ತದೆ, ಹಾಗಾಗಿ ಜನ ಅದನ್ನೂ ಸಮುದ್ರ ಕೃಷಿ ಎಂದುಕೊಳ್ಳುತ್ತಾರೆ. ಬೆಳೆಯುವುದು ನೆಲದ ಮೇಲಿನ ಹೊಂಡದಲ್ಲಿ. 2009ರಲ್ಲಿ ವೆನ್ನಾಮಿ ಎಂಬ ಹೊರದೇಶದ ಸಿಗಡಿ ತಳಿಗೆ ಅನುಮತಿ ಸಿಕ್ಕಿದ ಮೇಲೆ ಅದು ಓಡಿದ ಓಟವೇ ಬೇರೆ. 2023-24ರಲ್ಲಿ ದೇಶದಿಂದ ರಫ್ತಾದ ಮೀನು ಸಿಗಡಿಯ ಬೆಲೆ 60,500 ಕೋಟಿ ರೂಪಾಯಿ ದಾಟಿತು, ಅದರಲ್ಲಿ ಮೂರನೇ ಎರಡು ಪಾಲು ಫ್ರೋಜನ್ ಸಿಗಡಿಯದ್ದೇ. ದುಡ್ಡು, ಬ್ಯಾಂಕ್ ಸಾಲ, ಫೀಡ್ ಕಂಪನಿ, ಹ್ಯಾಚರಿ (ಮರಿ ಮಾಡಿಸುವ ಕೇಂದ್ರ) ಎಲ್ಲ ಅದರ ಹಿಂದೆ ಹೋದವು. ಪಂಜರದ ಮೀನಿಗೆ ಆ ಅದೃಷ್ಟ ಇನ್ನೂ ಬಂದಿಲ್ಲ.

ಹಾಗಾದರೆ ಸರ್ಕಾರ ಸಮುದ್ರ ಕೃಷಿ ಎಂದು ಯಾಕೆ ಇಷ್ಟು ಕೂಗುತ್ತಿದೆ? ಹಿಡಿಯುವ ಮೀನು ಜಾಸ್ತಿ ಆಗುತ್ತಿಲ್ಲ ಎಂಬ ಕಾರಣಕ್ಕೆ. ಸಿಎಂಎಫ್‌ಆರ್‌ಐ (ಕೇಂದ್ರ ಸರ್ಕಾರದ ಕಡಲ ಮೀನು ಸಂಶೋಧನಾ ಸಂಸ್ಥೆ) ಲೆಕ್ಕದಲ್ಲಿ 2012ರಲ್ಲಿ ಬಂದರಿಗೆ ಬಂದ ಮೀನು 39 ಲಕ್ಷ ಟನ್. 2024ರಲ್ಲಿ ಸುಮಾರು 35 ಲಕ್ಷ. (ಇದು ಮೇಲಿನ 44ಕ್ಕೆ ಹೊಂದುವುದಿಲ್ಲ, ಎಣಿಸುವ ಕ್ರಮ ಬೇರೆ, ಅದನ್ನು ಹಿಡಿದು ಜಗಳಕ್ಕೆ ಬರಬೇಡಿ.) ಈ ಹನ್ನೆರಡು ವರ್ಷದಲ್ಲಿ ಬೋಟು ದೊಡ್ಡದಾಯಿತು, ಎಂಜಿನ್ ದೊಡ್ಡದಾಯಿತು, ಡೀಸೆಲ್ ಖರ್ಚು ಎರಡು ಪಟ್ಟಾಯಿತು, ಮೀನು ಮಾತ್ರ ಅಷ್ಟೇ. ತಿನ್ನುವ ಬಾಯಿ ಜಾಸ್ತಿ ಆಗುತ್ತಿದೆ. ಇನ್ನು ಉಳಿದದ್ದು ಸಾಕುವುದೊಂದೇ ದಾರಿ, ಇದು ಅವರ ಲೆಕ್ಕ. ಲೆಕ್ಕ ಸರಿಯಾಗೇ ಇದೆ. ಆದರೆ ಸಮುದ್ರ ಆ ಲೆಕ್ಕ ಓದಿಲ್ಲ.

ಇನ್ನು ಸಬ್ಸಿಡಿ. 2020ರಲ್ಲಿ ಶುರುವಾದ ಮತ್ಸ್ಯ ಸಂಪದ ಯೋಜನೆಯಲ್ಲಿ ಒಂದು ಸಮುದ್ರ ಪಂಜರಕ್ಕೆ 5 ಲಕ್ಷದ ಲೆಕ್ಕ ಇಟ್ಟಿದ್ದಾರೆ. ಸಾಮಾನ್ಯ ವರ್ಗಕ್ಕೆ ಅದರಲ್ಲಿ 40 ಪರ್ಸೆಂಟ್, ಹೆಂಗಸರಿಗೆ ಮತ್ತು ಎಸ್‌ಸಿ ಎಸ್‌ಟಿಗೆ 60. ಹಾಗಾಗಿ ಅರ್ಧಕ್ಕರ್ಧ ಎಂಬ ಮಾತು ಎಲ್ಲಿಂದ ಬಂತೋ. ಹತ್ತು ಪಂಜರ ಅಂದರೆ 50 ಲಕ್ಷ, 20 ಲಕ್ಷ ಸಬ್ಸಿಡಿ ಬಂದರೂ, ಅದು ಬರುವ ತನಕ ಕೈಯಿಂದಲೇ ಹಾಕಬೇಕು. ನಿಮ್ಮ 8 ಲಕ್ಷ ಅದರಲ್ಲಿ ಎಲ್ಲಿ ಕರಗುತ್ತದೆ ಎಂದು ತಮ್ಮನಿಗೆ ಒಂದು ಹಾಳೆಯ ಮೇಲೆ ಬರೆದು ತೋರಿಸಲು ಹೇಳಿ.

ಗಂಗೊಳ್ಳಿ_ಅಳಿವೆ:

ಮಾರಾಯ್ರೇ, ನಾನು ಪಂಜರ ಹಾಕಿದವನು, ಈಗಲೂ ಇದೆ. ಸಮುದ್ರದಲ್ಲಿ ಅಲ್ಲ, ಅಳಿವೆ ಒಳಗೆ, ಹೊಳೆ ಮತ್ತು ಉಪ್ಪುನೀರು ಸೇರುವ ಜಾಗದಲ್ಲಿ. ಕುಂದಾಪುರ, ಬೈಂದೂರು ಕಡೆ ಹೆಚ್ಚಿನವರು ಹೀಗೇ ಮಾಡುವುದು. ಜಿಐ ಪೈಪಿನ ಚೌಕಟ್ಟು, ಅಡಿಯಲ್ಲಿ ಡ್ರಮ್ಮು, ಒಳಗೆ ಬಲೆ. ಊರಿನ ವೆಲ್ಡಿಂಗ್ ಶಾಪಿನವನೇ ಮಾಡಿಕೊಡುತ್ತಾನೆ. ಸಾಕುವುದು ಸೀಬಾಸ್, ಕಾರವಾರದವರು ಚೊಣಕ್ ಅನ್ನುತ್ತಾರಲ್ಲ ಅದು. ಕೆಲವರು ಕೆಂಬೇರಿ.

ನನ್ನ ಲೆಕ್ಕ ಹೇಳುತ್ತೇನೆ, ಮುಚ್ಚಿಡುವಂಥದ್ದು ಏನಿಲ್ಲ. ಮೊದಲ ವರ್ಷ 1,200 ಮರಿ ಬಿಟ್ಟೆ. ಮರಿ ಬಂದದ್ದು ತಮಿಳುನಾಡಿನಿಂದ, ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ, ರಾತ್ರಿಯಿಡೀ ಗಾಡಿಯಲ್ಲಿ. ಒಂದಕ್ಕೆ 35 ರೂಪಾಯಿ ಬಿತ್ತು. ಇಳಿಸುವಾಗಲೇ ನೂರು ಸತ್ತಿದ್ದವು. ಈ ಸೀಬಾಸ್ ಮೀನಿನ ಬುದ್ಧಿ ಗೊತ್ತಾ ನಿಮಗೆ? ದೊಡ್ಡದು ಚಿಕ್ಕದನ್ನು ನುಂಗುತ್ತದೆ. ವಾರಕ್ಕೊಮ್ಮೆ ಎತ್ತಿ ದೊಡ್ಡದು ಬೇರೆ, ಸಣ್ಣದು ಬೇರೆ ಮಾಡಬೇಕು. ಮಾಡದಿದ್ದರೆ ಕಡೆಗೆ ನಿಮ್ಮ ಹತ್ತಿರ ಉಳಿಯುವುದು ತುಂಬಾ ದಪ್ಪಗಿರುವ ನಾಲ್ಕೇ ಮೀನು. ಇನ್ನೊಂದು ತಮಾಷೆ, ಇವೆಲ್ಲ ಹುಟ್ಟುವಾಗ ಗಂಡು, ಕೆಲವು ವರ್ಷ ಕಳೆದ ಮೇಲೆ ಹೆಣ್ಣಾಗುತ್ತವೆ. ಅದಕ್ಕೇ ಮರಿ ಮಾಡಿಸುವುದು ಅಷ್ಟು ಸುಲಭ ಅಲ್ಲ, ದೊಡ್ಡ ಮೀನನ್ನು ವರ್ಷಗಟ್ಟಲೆ ಸಾಕಿ ಇಟ್ಟುಕೊಳ್ಳಬೇಕು. ಮನೆಹಿತ್ತಲಲ್ಲಿ ಆಗುವ ಕೆಲಸ ಅಲ್ಲ.

ಹತ್ತು ಹನ್ನೊಂದು ತಿಂಗಳಿಗೆ 700 ಮೀನು ಉಳಿದಿತ್ತು, ಸರಾಸರಿ ಒಂದು ಕೆಜಿ. 450ರ ಹಾಗೆ ಹೋಯಿತು. ಅಂದರೆ ಮೂರು ಲಕ್ಷದ ಹದಿನೈದು ಸಾವಿರ. ತಿನ್ನಿಸಿದ್ದು ಸುಮಾರು 4 ಟನ್ ಹಸಿ ಮೀನು, ಬೂತಾಯಿ, ಟ್ರಾಲ್ ಬೋಟಿನ ಚಿಲ್ಲರೆ ಮೀನು, ಅದಕ್ಕೇ ಒಂದು ಲಕ್ಷ ದಾಟಿತು. ಮರಿಗೆ 42 ಸಾವಿರ. ಬಲೆ ರಿಪೇರಿ, ದೋಣಿ, ಐಸು ಎಂದು ಇನ್ನೊಂದು ಇಪ್ಪತ್ತು ಇಪ್ಪತ್ತೈದು. ಕೈಗೆ ಬಂದದ್ದು ಒಂದೂವರೆ ಲಕ್ಷದ ಒಳಗೆ, ಅದು ಪಂಜರಕ್ಕೆ ಹಾಕಿದ ಖರ್ಚಿಗೆ ಸರಿಹೋಯಿತು. ನನ್ನ ಮತ್ತು ಹೆಂಡತಿಯ ವರ್ಷದ ದುಡಿಮೆಯ ಕೂಲಿ ಇದರಲ್ಲಿ ಹಿಡಿದಿಲ್ಲ.

ಎರಡನೇ ವರ್ಷ ಲಾಭ ಬರಬೇಕಿತ್ತು ಅಲ್ವಾ. ನೀರುನಾಯಿ ಬಂದು ಬಲೆ ಹರಿಯಿತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಒಳಗೆ ಮೀನಿಲ್ಲ, ಮೇಲೆ ಎರಡು ಅರ್ಧ ತಿಂದ ತಲೆ ತೇಲುತ್ತಿವೆ. ಅಲ್ಲಿಂದ ಮೇಲೆ ಎರಡು ಪದರ ಬಲೆ ಹಾಕಿದೆ. ಮೂರನೇ ವರ್ಷ ಚೆನ್ನಾಗಾಯಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಒಂದು ಪಂಜರದ ಲಂಗರು ಕಿತ್ತು ಹೋಗಿ ದಡಕ್ಕೆ ಬಡಿಯಿತು. ಆಮೇಲೆ ಮತ್ತೆ ಪರವಾಗಿಲ್ಲ.

ಒಂದು ಗುಟ್ಟು ಹೇಳುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟ್ ಬಂದ್. ಪೇಟೆಯಲ್ಲಿ ತಾಜಾ ಮೀನಿಲ್ಲ. ಆಗ ಅಳಿವೆಯ ಪಂಜರದಿಂದ ಸ್ವಲ್ಪ ಸ್ವಲ್ಪವೇ ಹಿಡಿದು ಕೊಟ್ಟರೆ ಹೋಟೆಲಿನವರು ಹೇಳಿದ ರೇಟಿಗೆ ಒಯ್ಯುತ್ತಾರೆ. ನಮ್ಮ ಲಾಭ ಇರುವುದು ಅಷ್ಟರಲ್ಲೇ. ಮಳೆಗೆ ಹೊಳೆ ನೀರು ಸಿಹಿಯಾದರೂ ಸೀಬಾಸ್ ತಡೆದುಕೊಳ್ಳುತ್ತದೆ. ಕೋಬಿಯಾ ತಡೆಯುವುದಿಲ್ಲ. ನಿಮ್ಮ ತಮ್ಮ ಹೊರಗೆ ಸಮುದ್ರದಲ್ಲಿ ಹಾಕಿದರೆ ಮೇ ಮುಗಿಯುವುದರೊಳಗೆ ಎಲ್ಲ ಹಿಡಿದು ಪಂಜರ ದಡಕ್ಕೆ ತರಬೇಕು. ಹಾಗೆ ಎಲ್ಲರೂ ಒಂದೇ ಸಲ ಹಿಡಿಯುವ ಹೊತ್ತಿಗೆ ಬೋಟಿನವರೂ ಮೀನು ತರುತ್ತಿರುತ್ತಾರೆ. ರೇಟು ಎಲ್ಲಿಗೆ ಹೋಗುತ್ತದೆ ಲೆಕ್ಕ ಹಾಕಿ.

ಬರ್ಗೆನ್_ಕನ್ನಡಿಗ:

ನಾನು ನಾರ್ವೆಯಲ್ಲಿ ಮೀನು ಸಾಕುವವರಿಗೆ ಕ್ಯಾಮೆರಾ ಮತ್ತು ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿಯಲ್ಲಿದ್ದೇನೆ, ಮೂಲ ಶಿರಸಿ. ಇಂಡಿಯಾದಲ್ಲಿ ಯಾರೇ ಸಮುದ್ರ ಕೃಷಿ ಬಗ್ಗೆ ಭಾಷಣ ಮಾಡಿದರೂ ನಾರ್ವೆ ನೋಡಿ ಅನ್ನುತ್ತಾರೆ. ಸರಿ, ನೋಡೋಣ.

ಇಲ್ಲಿ ಸಾಲ್ಮನ್ ಪಂಜರ ಶುರುವಾದದ್ದು 1970ರಲ್ಲಿ, ಹಿಟ್ರಾ ಅನ್ನುವ ದ್ವೀಪದಲ್ಲಿ ಇಬ್ಬರು ಅಣ್ಣತಮ್ಮಂದಿರು ಮಾಡಿದ ಪ್ರಯೋಗದಿಂದ. 2012ರ ಹೊತ್ತಿಗೆ 12 ಲಕ್ಷ ಟನ್, 2021ರಲ್ಲಿ 15 ಲಕ್ಷ ದಾಟಿತು. 55 ಲಕ್ಷ ಜನ ಇರುವ ದೇಶ. ಒಂದು ಪಂಜರದ ಸುತ್ತಳತೆ 160 ಮೀಟರ್ ಇರುವುದು ಮಾಮೂಲು, ಒಂದರಲ್ಲಿ 2 ಲಕ್ಷ ಮೀನಿನವರೆಗೆ ಬಿಡಬಹುದು. ನಮ್ಮ ಕಡೆಯ 6 ಮೀಟರ್ ಅಡ್ಡಳತೆಯ ಪಂಜರ ಇದರ ಪಕ್ಕ ಇಟ್ಟರೆ ಕೊಡಪಾನದ ಹಾಗೆ ಕಾಣುತ್ತದೆ.

ಆದರೆ ಇಲ್ಲಿಯ ಸಮುದ್ರ ಬೇರೆ. ಫಿಯೋರ್ಡ್ ಅಂದರೆ ಗುಡ್ಡಗಳ ನಡುವೆ ಒಳಗೆ ನುಗ್ಗಿದ ಸಮುದ್ರ. ಆಳ ಇದೆ, ನೀರು ತಣ್ಣಗಿದೆ, ಅಲೆ ಅಷ್ಟಿಲ್ಲ. ನಮ್ಮಲ್ಲಿ ಕಾರವಾರ ಬಿಟ್ಟರೆ ದ್ವೀಪಗಳ ಮರೆ ಇರುವ ಕೊಲ್ಲಿ ಎಷ್ಟಿದೆ ಹೇಳಿ? ಜೂನಿನ ಮುಂಗಾರು ನೇರ ಬಂದು ಎದೆಗೆ ಹೊಡೆಯುತ್ತದೆ.

ಇನ್ನು ನಿಮ್ಮ ಪೇಪರಿನವರು ಬರೆಯದೇ ಇರುವ ವಿಷಯ ಅಂದರೆ ನಾರ್ವೆಯ ಬೆಳವಣಿಗೆಯೂ 2021ರ ನಂತರ ನಿಂತಂತಾಗಿತ್ತು. 15 ಲಕ್ಷದ ಆಸುಪಾಸಿನಲ್ಲೇ ಕೆಲವು ವರ್ಷ ಸುತ್ತಿತು. ಕಾರಣ ಹೇನು. ನಗಬೇಡಿ, ಮೀನಿಗೆ ಹತ್ತುವ ಹೇನು, ಚರ್ಮ ಕೆರೆದು ತಿನ್ನುತ್ತದೆ. ಎರಡು ಮೀನಿಗೆ ಒಂದು ದೊಡ್ಡ ಹೆಣ್ಣು ಹೇನಿಗಿಂತ ಜಾಸ್ತಿ ಇರಬಾರದು ಎಂದು ಕಾನೂನೇ ಇದೆ. ಅದನ್ನು ತೆಗೆಯಲು ಬಿಸಿನೀರಲ್ಲಿ ಅದ್ದುತ್ತಾರೆ, ನೀರು ಚಿಮ್ಮಿಸಿ ತೊಳೆಯುತ್ತಾರೆ, ಆ ಹಿಂಸೆಗೇ ಎಷ್ಟೋ ಮೀನು ಸಾಯುತ್ತವೆ. 2023ರಲ್ಲಿ ಸಮುದ್ರದ ಪಂಜರಗಳಲ್ಲಿ ಸತ್ತ ಸಾಲ್ಮನ್ 6 ಕೋಟಿಗೂ ಮಿಕ್ಕಿ, ನೂರಕ್ಕೆ ಹದಿನಾರು ಹದಿನೇಳು. 2017ರಿಂದ ಕರಾವಳಿಯನ್ನು 13 ಭಾಗ ಮಾಡಿ ಟ್ರಾಫಿಕ್ ಸಿಗ್ನಲ್ ಹಾಗೆ ಹಸಿರು, ಹಳದಿ, ಕೆಂಪು ಕೊಡುತ್ತಾರೆ. ಹಸಿರು ಸಿಕ್ಕಿದರೆ 6 ಪರ್ಸೆಂಟ್ ಬೆಳೆಸಬಹುದು, ಕೆಂಪು ಬಂದರೆ ಅಷ್ಟು ಕಡಿಮೆ ಮಾಡಬೇಕಾಗಿ ಬರಬಹುದು. 2023ರಿಂದ ಸಮುದ್ರ ಎಲ್ಲರದ್ದು, ಅದರ ಬಾಡಿಗೆ ಕೊಡಿ ಎಂದು 25 ಪರ್ಸೆಂಟ್ ಹೆಚ್ಚುವರಿ ತೆರಿಗೆ ಬೇರೆ. 2050ಕ್ಕೆ 50 ಲಕ್ಷ ಟನ್ ಅನ್ನುವ ಮಾತು ಇಲ್ಲೂ ಇತ್ತು. ಈಗ ಅದನ್ನು ಹೇಳುವವರ ದನಿ ಸಣ್ಣಗಾಗಿದೆ.

ನಾರ್ವೆಯಿಂದ ಕಲಿಯುವುದಾದರೆ ಪಂಜರದ ಗಾತ್ರ ಅಲ್ಲ, ಮರಿ ಮತ್ತು ಲಸಿಕೆ. 1987ರ ಸುಮಾರಿಗೆ ಇಲ್ಲಿ ವರ್ಷಕ್ಕೆ 50 ಟನ್ ಹತ್ತಿರ ಆಂಟಿಬಯೋಟಿಕ್ ಸುರಿಯುತ್ತಿದ್ದರು. ಒಂದೊಂದು ಮರಿಗೂ ಲಸಿಕೆ ಚುಚ್ಚಲು ಶುರು ಮಾಡಿದ ಮೇಲೆ ಅದು ಹೆಚ್ಚುಕಡಿಮೆ ನಿಂತೇ ಹೋಯಿತು, ಉತ್ಪಾದನೆ ಮಾತ್ರ ಹತ್ತಾರು ಪಟ್ಟು ಏರಿತು. ಮರಿ ಗಟ್ಟಿ ಇಲ್ಲದೆ ಇಲ್ಲಿ ಯಾರೂ ಪಂಜರ ನೀರಿಗೆ ಇಳಿಸುವುದಿಲ್ಲ. ನಮ್ಮಲ್ಲಿ ಮೊದಲು ಪಂಜರ, ಫೋಟೋ, ಉದ್ಘಾಟನೆ, ಆಮೇಲೆ ಮರಿ ಎಲ್ಲಿ ಸಿಗುತ್ತದೆ ಎಂದು ಫೋನ್.

ನಾಡದೋಣಿ:

ಎಲ್ಲರೂ ಲಾಭದ ಲೆಕ್ಕವೇ ಹೇಳುತ್ತಿದ್ದೀರಿ, ನಾನೊಂದು ಬೇರೆ ಲೆಕ್ಕ ಕೇಳುತ್ತೇನೆ. ನಾವು ಮೂರು ತಲೆಮಾರಿನಿಂದ ದೋಣಿಯವರು. ಒಂದು ಕೆಜಿ ಪಂಜರದ ಮೀನು ಮಾಡಲು ಐದಾರು ಕೆಜಿ ಹಸಿ ಮೀನು ಬೇಕು. ಕೋಬಿಯಾ ಪಂಜರ ಒಂದರಲ್ಲಿ 750 ಮರಿ ಬಿಟ್ಟು, 600 ಉಳಿದು, ಎರಡೂವರೆ ಕೆಜಿಗೆ ಬಂದರೆ ಒಂದೂವರೆ ಟನ್ ಮೀನು. ಅದಕ್ಕೆ ತಿನ್ನಿಸಬೇಕಾದದ್ದು 8-9 ಟನ್. ಹತ್ತು ಪಂಜರಕ್ಕೆ 90 ಟನ್. ಕುಮಟಾದ ಅಣ್ಣ, ನಿಮ್ಮ ತಮ್ಮ ಆ 90 ಟನ್ ಎಲ್ಲಿಂದ ತರುತ್ತಾನೆ? ಈಗಾಗಲೇ ಫಿಶ್ ಮೀಲ್ (ಒಣಗಿಸಿದ ಮೀನಿನ ಪುಡಿ) ಕಾರ್ಖಾನೆಯವರು ಬಂದರಿನಲ್ಲಿ ಬೆರಳುದ್ದದ ಮರಿಯನ್ನೂ ಬಿಡದೆ ಕೊಳ್ಳುತ್ತಾರೆ. ನಾಳೆ ನನ್ನ ಬಲೆಗೆ ಬರಬೇಕಾದ ಮೀನಿನ ಮರಿ ಅದು. ಅದನ್ನೇ ಹಿಡಿದು ಪಂಜರದ ಮೀನಿಗೆ ಹಾಕಿ, ನೋಡಿ ಉತ್ಪಾದನೆ ಜಾಸ್ತಿ ಆಯಿತು ಅಂದರೆ ಅದೆಂಥ ಲೆಕ್ಕ?

ಬಡವರು ತಿನ್ನುವ ಬೂತಾಯಿ ಹಾಕಿ ಹೋಟೆಲಿನವರು ತಿನ್ನುವ ಸೀಬಾಸ್ ಮಾಡುವುದು, ಅಷ್ಟೇ ಅಲ್ವಾ?

ಇನ್ನೊಂದು, ಜಾಗ. ಪಂಜರ ಹಾಕಿದ ಮೇಲೆ ಸುತ್ತ ಬಲೆ ಬಿಡಬೇಡಿ ಅನ್ನುತ್ತಾರೆ. ಹೊಲಕ್ಕೆ ಪಹಣಿ ಇದೆ, ಸಮುದ್ರಕ್ಕೆ ಎಲ್ಲಿದೆ? ಒಂದೆರಡು ಪಂಜರ ಊರಿನವರೇ ಹಾಕಿದರೆ ಯಾರೂ ಏನೂ ಅನ್ನುವುದಿಲ್ಲ. ನಾಳೆ ದೊಡ್ಡ ಕಂಪನಿ ಬಂದು ಎಕರೆಗಟ್ಟಲೆ ಲೀಸ್ ತೆಗೆದುಕೊಂಡರೆ ನಾವು ದೋಣಿ ಎಲ್ಲಿ ಇಳಿಸುವುದು? ಇದು ಹೊಟ್ಟೆಕಿಚ್ಚಿನ ಮಾತಲ್ಲ, ಆಗುವ ಮೊದಲೇ ಕೇಳಿಡುತ್ತಿದ್ದೇನೆ.

ಫಿಶರೀಸ್_ಕಾಲೇಜು:

ನಾಡದೋಣಿ ಅವರು ಹೇಳಿದ 90 ಟನ್ ಲೆಕ್ಕ ಸರಿ ಇದೆ, ನಾನೂ ಒಮ್ಮೆ ಕೂಡಿಸಿ ನೋಡಿದೆ. ಇದಕ್ಕೆ ದಾರಿ ಪೆಲೆಟ್ ಫೀಡ್, ಅಂದರೆ ತೇಲುವ ಗುಳಿಗೆ. ಅದಾದರೆ ಕೆಜಿ ಮೀನಿಗೆ ಸುಮಾರು ಎರಡು ಕೆಜಿ ಸಾಕು. ಆದರೆ ಅದರೊಳಗೂ ಫಿಶ್ ಮೀಲ್ ಇದೆ, ರೇಟೂ ಮೇಲಿದೆ, ಹಸಿ ಮೀನು ಅಗ್ಗಕ್ಕೆ ಸಿಗುವ ದಿನ ಯಾರೂ ಗುಳಿಗೆ ಕೊಳ್ಳುವುದಿಲ್ಲ. ನಾರ್ವೆಯವರು ಈಗ ಸಾಲ್ಮನ್ ಫೀಡಿನಲ್ಲಿ ಸೋಯಾ, ಎಣ್ಣೆಕಾಳು ಎಂದು ಮುಕ್ಕಾಲು ಪಾಲು ಗಿಡದಿಂದ ಬಂದದ್ದನ್ನೇ ಹಾಕುತ್ತಾರೆ. ನಮ್ಮ ಕೋಬಿಯಾಗೆ ಅಂಥ ಅಗ್ಗದ ಫೀಡ್ ಬರಬೇಕಾದರೆ ಫೀಡ್ ಕಂಪನಿಗೆ ಸಾವಿರಾರು ಟನ್ ಗಿರಾಕಿ ಬೇಕು. ಸಾಕುವವರು ಕಡಿಮೆ ಇರುವುದರಿಂದ ಫೀಡ್ ಇಲ್ಲ, ಫೀಡ್ ಇಲ್ಲದ್ದರಿಂದ ಸಾಕುವವರು ಕಡಿಮೆ. ಹಾವು ತನ್ನ ಬಾಲ ತಾನೇ ನುಂಗಿದ ಹಾಗೆ.

ಮರಿ ವಿಷಯವೂ ಅದೇ. ವಿಜ್ಞಾನಿಗಳು ತಮ್ಮ ಕೆಲಸ ಮಾಡಿದ್ದಾರೆ, ಅದನ್ನು ಹೇಳಲೇಬೇಕು. ಚೆನ್ನೈನ ಸಿಬಾ, ಅಂದರೆ ಉಪ್ಪುನೀರಿನ ಮೀನು ಕೃಷಿಯ ಕೇಂದ್ರ ಸಂಶೋಧನಾ ಸಂಸ್ಥೆ, 1997ರಲ್ಲೇ ಸೀಬಾಸ್ ಮರಿ ಮಾಡಿಸಿತು. 2007ರಲ್ಲಿ ವಿಶಾಖಪಟ್ಟಣದಲ್ಲಿ ಸಿಎಂಎಫ್‌ಆರ್‌ಐ 15 ಮೀಟರಿನ ಮೊದಲ ಪಂಜರ ಸಮುದ್ರಕ್ಕೆ ಇಳಿಸಿತು. ಅಷ್ಟು ದೊಡ್ಡದನ್ನು ನಮ್ಮ ಜನಕ್ಕೆ ನಿಭಾಯಿಸುವುದು ಕಷ್ಟ ಎಂದು ಆಮೇಲೆ 6 ಮೀಟರಿಗೆ ಇಳಿದರು. 2010ರಲ್ಲಿ ತಮಿಳುನಾಡಿನ ಮಂಡಪಂನಲ್ಲಿ ಕೋಬಿಯಾ ಮರಿ, ಮರುವರ್ಷ ಪೊಂಪಾನೊ ಎಂಬ ಮೀನಿನ ಮರಿ. ಕಾರವಾರದ ಅವರ ಕೇಂದ್ರದಲ್ಲೂ ಪಂಜರ, ಹ್ಯಾಚರಿ ಕೆಲಸ ನಡೆದಿದೆ. ತಂತ್ರ ಗೊತ್ತಿದೆ. ಆದರೆ ಬೇಕಾದ ತಿಂಗಳಲ್ಲಿ ಬೇಕಾದ ಸೈಜಿನ ಲಕ್ಷ ಮರಿ ಕೊಡುವ ಖಾಸಗಿ ಹ್ಯಾಚರಿ ಎಷ್ಟಿವೆ ಎಂದು ಕೇಳಿದರೆ ಬೆರಳಲ್ಲೇ ಎಣಿಸಬಹುದು. ಸಿಗಡಿಗೆ ನೂರಾರು ಹ್ಯಾಚರಿ ಇವೆ. ವ್ಯತ್ಯಾಸ ಇಷ್ಟೇ.

ಜಾಗದ ಪ್ರಶ್ನೆಗೆ: 2005ರ ಕರಾವಳಿ ಜಲಕೃಷಿ ಕಾಯ್ದೆಯನ್ನು 2023ರಲ್ಲಿ ತಿದ್ದುಪಡಿ ಮಾಡಿ ಪಂಜರ, ಪಾಚಿ, ಚಿಪ್ಪು ಮೀನು ಕೃಷಿಯನ್ನೂ ಅದರೊಳಗೆ ತಂದಿದ್ದಾರೆ. ಅದು ಆಗುವ ಮೊದಲು ಕಾನೂನಿನಲ್ಲಿ ಸಿಗಡಿ ಹೊಂಡದ ಮಾತೇ ಜಾಸ್ತಿ. ಆದರೆ ಯಾವ ನೀರು ಯಾರಿಗೆ, ಎಷ್ಟು ವರ್ಷಕ್ಕೆ ಅನ್ನುವುದನ್ನು ರಾಜ್ಯ ತೀರ್ಮಾನಿಸಬೇಕು. ಲೀಸ್ ಪತ್ರ ಇಲ್ಲದೆ ಬ್ಯಾಂಕ್ ಸಾಲ ಇಲ್ಲ, ಇನ್ಶೂರೆನ್ಸ್ ಕಷ್ಟ. ಊರ ಸೊಸೈಟಿಗಳಿಗೆ ಮೊದಲ ಹಕ್ಕು ಕೊಟ್ಟರೆ ನಾಡದೋಣಿ ಅವರ ಭಯ ಸ್ವಲ್ಪ ಕಡಿಮೆ ಆಗಬಹುದು ಎಂಬುದು ನನ್ನ ಅಭಿಪ್ರಾಯ.

ಮರ್ವಾಯಿ_ಸುಕ್ಕ:

ಎಲ್ಲ ಗಂಡಸರೂ ಮೀನಿನ ಹಿಂದೆಯೇ ಬಿದ್ದಿದ್ದೀರಲ್ಲ, ತಿನ್ನಿಸಬೇಕಾದ ಅಗತ್ಯವೇ ಇಲ್ಲದ್ದನ್ನು ಸಾಕಿದರೆ ಆಗದಾ? ನಾನು ಕಾಸರಗೋಡಿನವಳು. ನಮ್ಮ ಜಿಲ್ಲೆಯ ಪಡನ್ನದಲ್ಲಿ ಹೆಂಗಸರ ಸ್ವಸಹಾಯ ಗುಂಪಿನವರು ಪಚ್ಚಿಲೆ ಬೆಳೆಯುತ್ತಾರೆ, ಅಲ್ಲಿ ಕಲ್ಲುಮ್ಮಕ್ಕಾಯಿ ಅನ್ನುತ್ತಾರೆ. ಬಂಡೆಯಿಂದ ಮರಿ ತಂದು, ಹಗ್ಗಕ್ಕೆ ಹಳೆ ಬಟ್ಟೆಯಲ್ಲಿ ಸುತ್ತಿ ಹೊಲಿದು, ಹಿನ್ನೀರಿನಲ್ಲಿ ಬಿದಿರಿನ ಚಪ್ಪರಕ್ಕೆ ನೇತುಹಾಕುತ್ತಾರೆ. ಬಟ್ಟೆ ಕೊಳೆಯುವ ಹೊತ್ತಿಗೆ ಅದು ಹಗ್ಗಕ್ಕೆ ಕಚ್ಚಿಕೊಂಡಿರುತ್ತದೆ. ಮಳೆ ನಿಂತ ಮೇಲೆ ಶುರು, ಮುಂದಿನ ಮಳೆಗೆ ಮೊದಲು ಕೊಯ್ಲು. ತಿಂಡಿ ಹಾಕುವ ಖರ್ಚಿಲ್ಲ, ನೀರಿನಲ್ಲಿ ಇರುವುದನ್ನೇ ಸೋಸಿಕೊಂಡು ತಿನ್ನುತ್ತದೆ. 90 ಟನ್ ಬೂತಾಯಿಯೂ ಬೇಡ, ನೀರುನಾಯಿಯ ಕಾಟವೂ ಇಲ್ಲ.

ಕಷ್ಟ ಇಲ್ಲ ಅನ್ನುವುದಿಲ್ಲ. ನೀರು ಕೆಟ್ಟರೆ ಪಚ್ಚಿಲೆಯೂ ಕೆಟ್ಟಿತು, ಸೋಸುವುದು ಅದನ್ನೇ ತಾನೇ. ಮರಿ ಕೀಳಲು ಹೋದ ಬಂಡೆಯ ಹತ್ತಿರ ಊರವರ ಜಗಳ. ಎಲ್ಲರ ಕೊಯ್ಲು ಒಂದೇ ತಿಂಗಳು ಬರುವುದರಿಂದ ವ್ಯಾಪಾರಿ ಹೇಳಿದ್ದೇ ರೇಟು. ಮಂಗಳೂರು ಉಡುಪಿಯಲ್ಲಿ ತಿನ್ನುವವರಿದ್ದಾರೆ, ಘಟ್ಟದ ಮೇಲೆ ಯಾರೂ ಮುಟ್ಟುವುದಿಲ್ಲ.

ಕಡಲ ಪಾಚಿಯದ್ದೂ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಅದೇ ಫ್ಯಾಷನ್. ರಾಮನಾಥಪುರದ ಕಡೆ ಹೆಂಗಸರು ಇಪ್ಪತ್ತು ವರ್ಷದಿಂದ ಕಪ್ಪಾಫೈಕಸ್ ಎಂಬ ಪಾಚಿ ಬೆಳೆಯುತ್ತಿದ್ದಾರೆ, ಬಿದಿರಿನ ತೆಪ್ಪಕ್ಕೆ ಕಟ್ಟಿ, 45 ದಿನಕ್ಕೊಂದು ಬೆಳೆ. 2013-14ರಲ್ಲಿ ನೀರು ಬಿಸಿಯಾಗಿ ಬೀಜದ ಪಾಚಿಯೇ ಸತ್ತುಹೋಗಿ ಎಷ್ಟೋ ಮನೆಯವರು ಕೈಬಿಟ್ಟರು. ಸರ್ಕಾರ ಐದು ವರ್ಷದಲ್ಲಿ 11 ಲಕ್ಷ ಟನ್ ಪಾಚಿ ಎಂದು 2020ರಲ್ಲಿ ಹೇಳಿತ್ತು. ಅದರ ಹತ್ತನೇ ಒಂದು ಪಾಲಿಗೂ ಮುಟ್ಟಿಲ್ಲ. ಆದರೂ ಬೆಳೆಯುವುದಾದರೆ ಇದೇ ಬೆಳೆಯುತ್ತದೆ ಎಂದು ನನ್ನ ಅನಿಸಿಕೆ, ಯಾಕೆಂದರೆ ಇದಕ್ಕೆ 5 ಲಕ್ಷದ ಪಂಜರ ಬೇಡ.

ಬರ್ಗೆನ್_ಕನ್ನಡಿಗ:

ಅಕ್ಕ, ಪಚ್ಚಿಲೆ ಮಾತಿಗೆ ನನ್ನದು ಪೂರ್ತಿ ಒಪ್ಪಿಗೆ. ಪಾಚಿ ಬಗ್ಗೆ ಅಷ್ಟು ಧೈರ್ಯ ಇಲ್ಲ. ಕೊಳ್ಳುವ ಕಂಪನಿ ಒಂದೋ ಎರಡೋ ಇದ್ದಾಗ ಬೆಳೆಯುವವರ ಕೈಯಲ್ಲಿ ಏನೂ ಇರುವುದಿಲ್ಲ. ಅಡಿಕೆಯವರನ್ನು ಕೇಳಿ, ನೂರು ವ್ಯಾಪಾರಿ ಇದ್ದೂ ಪಾಡು ಏನೆಂದು ಹೇಳುತ್ತಾರೆ.

ಕುಮಟಾ_ಹುಡುಗ:

ಇಷ್ಟು ಉತ್ತರ ಬರುತ್ತದೆ ಎಂದು ಅಂದುಕೊಂಡಿರಲಿಲ್ಲ. ಇವತ್ತು ಬೆಳಿಗ್ಗೆ ತಮ್ಮನಿಗೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿದೆ. ಮರಿ ಎಲ್ಲಿಂದ? 90 ಟನ್ ತಿಂಡಿ ಎಲ್ಲಿಂದ? ಮೇ ಕೊನೆಗೆ ಪಂಜರ ಎಲ್ಲಿ ಕಟ್ಟಿಡುತ್ತೀಯ? ಮೊದಲನೆಯದಕ್ಕೆ ಅವನು ಒಬ್ಬ ಏಜೆಂಟ್ ಇದ್ದಾನೆ ಅಂದ. ಎರಡನೆಯದಕ್ಕೆ ಬೋಟಿನವರು ಗೊತ್ತು ಅಂದ. ಮೂರನೆಯದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನೀನು ಯಾವಾಗಲೂ ಹೀಗೇ, ಒಳ್ಳೆಯ ಕೆಲಸಕ್ಕೆ ಅಡ್ಡಗಾಲು ಅಂದ. ಚಿಕ್ಕಮ್ಮ ಹಿಂದಿನಿಂದ, ಎಂಟು ಲಕ್ಷಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಬೋಟೇ ಬರುತ್ತಿತ್ತು ಎಂದು ಕೂಗುವುದು ಕೇಳಿಸಿತು.

ಕೊನೆಗೆ ಇಷ್ಟಕ್ಕೆ ಒಪ್ಪಿಸಿದ್ದೇನೆ: ಹತ್ತು ಬೇಡ, ಎರಡು. ಸಮುದ್ರ ಬೇಡ, ಅಘನಾಶಿನಿಯ ಅಳಿವೆಯಲ್ಲಿ. ಕೋಬಿಯಾ ಬೇಡ, ಸೀಬಾಸ್. ನಾನು ಹಾಕುವುದು ಒಂದೂವರೆ ಲಕ್ಷ, ಹೋದರೆ ಹೋಯಿತು. ಗಂಗೊಳ್ಳಿಯ ಅಣ್ಣ, ಅವನನ್ನು ಒಂದು ದಿನ ನಿಮ್ಮ ಪಂಜರ ನೋಡಲು ಕಳಿಸಬಹುದಾ? ಮತ್ತು ಎರಡು ಪಂಜರ ಅಂದರೆ ಯಾವ ತಿಂಗಳಲ್ಲಿ ಮರಿ ಬಿಡಬೇಕು?

ನಾಡದೋಣಿ:

ಅಘನಾಶಿನಿ ಅಳಿವೆಯಲ್ಲಿ ಚಿಪ್ಪೆಕಲ್ಲು (ಚಿಪ್ಪು ಮೀನು) ಆರಿಸುವವರು ತುಂಬಾ ಜನ ಇದ್ದಾರೆ. ಅವರಿಗೆ ಹೇಳದೆ ಲಂಗರು ಹಾಕಬೇಡಿ. ಒಮ್ಮೆ ಮನಸ್ಸು ಕೆಟ್ಟರೆ ರಾತ್ರಿ ಬಲೆ ಕೊಯ್ಯಲು ನೀರುನಾಯಿಯೇ ಬರಬೇಕೆಂದಿಲ್ಲ.

ಗಂಗೊಳ್ಳಿ_ಅಳಿವೆ:

ಕಳಿಸಿ ಮಾರಾಯ್ರೇ, ಅದಕ್ಕೇನು. ಬರುವಾಗ ಬಿಳಿ ಪ್ಯಾಂಟ್ ಹಾಕಿಕೊಂಡು ಬರಬೇಡ ಎಂದು ಹೇಳಿ. ಬೆಳಿಗ್ಗೆ ಆರು ಗಂಟೆಗೆ ದೋಣಿ ಹೊರಡುತ್ತದೆ, ಮೊದಲು ತಿಂಡಿ ಕತ್ತರಿಸುವ ಕೆಲಸ, ಆ ವಾಸನೆ ತಡೆದುಕೊಂಡರೆ ಉಳಿದದ್ದೆಲ್ಲ ಕಲಿಯಬಹುದು. ಬಲೆಗೆ ಹಿಡಿದ ಚಿಪ್ಪು, ಪಾಚಿ ಉಜ್ಜುವುದು ಮಧ್ಯಾಹ್ನ. ಅದನ್ನು ಯಾವ ವಿಡಿಯೋದಲ್ಲೂ ತೋರಿಸುವುದಿಲ್ಲ.

ಮರಿ ಬಿಡುವ ತಿಂಗಳು ಒಂದೊಂದು ಅಳಿವೆಗೆ ಒಂದೊಂದು ತರಹ. ನಾನು ಮಳೆ ಕಡಿಮೆಯಾಗಿ ನೀರು ಮತ್ತೆ ಉಪ್ಪಾದ ಮೇಲೆ, ಅಕ್ಟೋಬರ್ ಹತ್ತಿರ ಬಿಡುತ್ತೇನೆ. ಆದರೆ ನಿಮ್ಮ ತಮ್ಮನಿಗೆ ಒಂದು ಕೆಲಸ ಮೊದಲು ಮಾಡಲು ಹೇಳಿ. ಪಂಜರ ಹಾಕಬೇಕೆಂದಿರುವ ಜಾಗಕ್ಕೆ ಜುಲೈಯಲ್ಲಿ, ಜೋರು ಮಳೆ ಬಂದ ಮರುದಿನ, ಇಳಿತದ ಹೊತ್ತಿಗೆ ಹೋಗಿ ನಿಂತು ನೋಡಲಿ. ಹೊಳೆಯಲ್ಲಿ ಮರದ ದಿಮ್ಮಿ ತೇಲಿ ಬರುವ ಜಾಗವಾದರೆ ಅಲ್ಲಿ ಬೇಡ. ಮೇಯಲ್ಲಿ ಬಂದರೆ ಎಲ್ಲ ನೀರೂ ಚೆಂದವೇ ಕಾಣುತ್ತದೆ. ನನಗೆ ಮೊದಲ ವರ್ಷ ಇದನ್ನು ಹೇಳಿದವರು ಯಾರೂ ಇರಲಿಲ್ಲ.